ಕತೆಯ ಹುಡುಗನ ಹುಟ್ಟುಹಬ್ಬ ಯಾವತ್ತು?

ಪ್ರಶ್ನೆ: ಗೆಳತಿಯೊಬ್ಬಳು ಬರೆಯುವ ಫ್ಯಾನ್ ಫಿಕ್ಷನ್‌ನಲ್ಲಿ (ಬೇರೆಯವರ ಕತೆಯನ್ನು ಹಿಡಿದು ಅಭಿಮಾನಿಗಳು ಬರೆಯುವ ಕತೆ) ಅವಳೇ ಹುಟ್ಟಿಸಿದ ಹುಡುಗನೊಬ್ಬನಿದ್ದಾನೆ. ಮೂಲ ಕತೆಯಲ್ಲಿ ಅವನಿಲ್ಲ. ನಮಗೆಲ್ಲ ಅವನೆಂದರೆ ಪ್ರಾಣ. ಹುಟ್ಟುಹಬ್ಬ ಮಾಡೋಣ ಅಂದರೆ ತಾರೀಖೇ ಇಲ್ಲ, ಇಲ್ಲದವನಿಗೆ ಎಂಥಾ ಹುಟ್ಟುಹಬ್ಬ ಅಂತ ಅಕ್ಕ ಬೇರೆ ನಗುತ್ತಾಳೆ. ಏನು ಮಾಡೋದು?

ಉತ್ತರ: ಅಕ್ಕ ನಗಲಿ ಬಿಡಿ. ಷರ್ಲಾಕ್ ಹೋಮ್ಸ್‌ಗೂ ಹುಟ್ಟಿದ ದಿನ ಕೊಟ್ಟಿದ್ದು ಅಭಿಮಾನಿಗಳೇ. ಆ ಪತ್ತೇದಾರನ ಕತೆಗಳನ್ನು ಬರೆದ ಕಾನನ್ ಡಾಯ್ಲ್ ಎಲ್ಲೂ ತಾರೀಖು ಬರೆದಿಲ್ಲ. 1914ರಲ್ಲಿ ನಡೆಯುವ ಕತೆಯೊಂದರಲ್ಲಿ ಅವನಿಗೆ ಅರವತ್ತು ಅಂತಿದೆ, ಅದನ್ನು ಹಿಡಿದು 1854 ಅಂತ ಲೆಕ್ಕ ಹಾಕಿದರು. ಹುಟ್ಟಿದ ದಿನ ಜನವರಿ 6 ಅನ್ನೋದಕ್ಕೆ ಅವರು ಕೊಡುವ ಕಾರಣಗಳಲ್ಲಿ ಒಂದಂತೂ ಮಜಾ ಇದೆ: ಇನ್ನೊಂದು ಕತೆ ಶುರುವಾಗುವುದು ಜನವರಿ 7ರ ಬೆಳಗ್ಗೆ, ಹೋಮ್ಸ್ ಎದುರಿಗಿರುವ ತಿಂಡಿ ಮುಟ್ಟದೆ ತಲೆಗೆ ಕೈಕೊಟ್ಟು ಕೂತಿದ್ದಾನೆ, ಅಂದರೆ ಹಿಂದಿನ ರಾತ್ರಿ ಪಾರ್ಟಿ ಜೋರಾಗಿತ್ತು ಅಲ್ವಾ! ಈಗಲೂ ನ್ಯೂಯಾರ್ಕ್‌ನಲ್ಲಿ ಪ್ರತಿ ಜನವರಿ ಅವನ ಹೆಸರಲ್ಲಿ ಊಟದ ಕೂಟ ನಡೆಯುತ್ತದೆ.

ನೀವೂ ಕತೆಯನ್ನು ಹಾಗೇ ಕೆದಕಿ. ಏನೂ ಸಿಗದಿದ್ದರೆ ಅವನು ಮೊದಲು ಕಾಣಿಸಿಕೊಂಡ ಅಧ್ಯಾಯ ಹೊರಬಂದ ದಿನವನ್ನೇ ಇಟ್ಟುಕೊಳ್ಳಿ. ಆದರೆ ಬರೆದವಳನ್ನು ಮೊದಲು ಕೇಳಿ, ಅವಳ ಮನಸ್ಸಲ್ಲಿ ಬೇರೆ ತಾರೀಖು ಇರಬಹುದು. ಆ ದಿನ ಒಬ್ಬೊಬ್ಬರೂ ಒಂದು ಚಿತ್ರವನ್ನೋ ಅರ್ಧ ಪುಟದ ಕತೆಯನ್ನೋ ತನ್ನಿ. ವಯಸ್ಸು ಎಷ್ಟಾಯಿತು ಅಂತ ಮಾತ್ರ ಸುಮ್ನೆ ಜಗಳಕ್ಕೆ ಕೂರಬೇಡಿ!