ಡ್ರಾಫ್ಟ್ ಪಟ್ಟಿ ಎಲ್ಲಿ ತಪ್ಪಿತು?

ಹಾಸನದ ಓದುಗರೊಬ್ಬರ ಪತ್ರದ ಸಾರ: "ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ನೋಡಲು ನಾನೂ ನನ್ನ ಅಣ್ಣನ ಮಗನೂ ಪ್ರತಿ ಜೂನ್‌ನಲ್ಲಿ ಬೆಳಗಿನ ಜಾವ ಐದೂವರೆಗೆ ಟಿವಿ ಮುಂದೆ ಕೂರುತ್ತೇವೆ. ಈ ಸಲ ಅಮೆರಿಕದ ಕಾಲೇಜು ಆಟಗಾರರ ಸರಾಸರಿ ಪಾಯಿಂಟ್ ನೋಡಿ ಮೊದಲ ಸುತ್ತಿಗೆ ಮೂವತ್ತು ಹೆಸರು ಬರೆದಿಟ್ಟಿದ್ದೆವು. ಹೊಂದಿದ್ದು ಏಳೇ ಏಳು. ಪಂದ್ಯಕ್ಕೆ ಇಪ್ಪತ್ತು ಪಾಯಿಂಟ್ ಹೊಡೆದವನನ್ನು ಕೇಳುವವರೇ ಇಲ್ಲ, ಹನ್ನೊಂದು ಹೊಡೆದವನು ಮೇಲೆ ಹೋದ. ಎತ್ತರವೇ ಮುಖ್ಯ ಎನ್ನುವುದಾದರೆ ಏಳಡಿ ದಾಟಿದ ನಮ್ಮ ಸತ್ನಾಮ್ ಸಿಂಗ್ ಎನ್‌ಬಿಎಯಲ್ಲಿ ಯಾಕೆ ಆಡಲಿಲ್ಲ? ಮನೆಯಲ್ಲಿ ಕೂತು ನೋಡುವವರಿಗೆ ಇದನ್ನು ಅಳೆಯಲು ಸಾಧ್ಯವೇ?"

ಮಾನ್ಯರೆ,

ಕೊನೆಯ ಪ್ರಶ್ನೆಗೇ ಮೊದಲು ಉತ್ತರ: ಸಾಧ್ಯ. ತಂಡಗಳ ಕೈಯಲ್ಲಿರುವ ವೈದ್ಯಕೀಯ ವರದಿ ಮತ್ತು ಆಟಗಾರರ ಜೊತೆ ನಡೆಸುವ ಮಾತುಕತೆ ಬಿಟ್ಟರೆ ಉಳಿದದ್ದು ಬಹುಪಾಲು ನಿಮ್ಮ ಕಣ್ಣೆದುರೇ ಇದೆ. ಪಟ್ಟಿಯನ್ನು ಪಾಯಿಂಟ್ ಮೇಲೆ ಕಟ್ಟಿದಿರಿ, ಅಲ್ಲೇ ಎಡವಿದಿರಿ.

ಸರಾಸರಿ ಪಾಯಿಂಟ್ ಎಂದರೆ ಬಹುಮಟ್ಟಿಗೆ ಆ ತಂಡ ಆ ಹುಡುಗನ ಕೈಗೆ ಎಷ್ಟು ಸಲ ಚೆಂಡು ಕೊಟ್ಟಿತು ಎಂಬುದರ ಲೆಕ್ಕ. ಎನ್‌ಬಿಎ ಸೇರಿದ ದಿನ ಆ ಚೆಂಡು ಕೈತಪ್ಪುತ್ತದೆ. ಅಲ್ಲಿ ಅದು ಸ್ಟೀಫನ್ ಕರಿಯಂಥ ತಾರೆಗಳ ಕೈಯಲ್ಲಿರುತ್ತದೆ. ಕಾಲೇಜಿನಲ್ಲಿ ಪಂದ್ಯಕ್ಕೆ 16 ಸಲ ಬುಟ್ಟಿಗೆ ಗುರಿಯಿಟ್ಟವನಿಗೆ ಹೊಸ ತಂಡದಲ್ಲಿ ಐದಾರು ಅವಕಾಶ ಸಿಕ್ಕರೆ ಅದೇ ಹೆಚ್ಚು. ಹಾಗಾಗಿ ತಂಡಕ್ಕಾಗಿ ಆಟಗಾರರನ್ನು ಹುಡುಕಿ ಅಳೆಯುವ ಅನುಭವಿ ಸ್ಕೌಟ್ ನೋಡುವುದು ಇಷ್ಟನ್ನು: ಚೆಂಡು ತೆಗೆದುಕೊಂಡ ಮೇಲೆ ಇವನಲ್ಲಿ ಏನು ಉಳಿಯುತ್ತದೆ? ಎದುರಾಳಿ ಇನ್ನಷ್ಟು ಉದ್ದ, ಇನ್ನಷ್ಟು ಚುರುಕಾದಾಗಲೂ ಇವನ ಜೊತೆ ಯಾವುದು ಬರುತ್ತದೆ?

2017ರ ಡ್ರಾಫ್ಟ್ ನೋಡಿ. ಮಾರ್ಕೆಲ್ ಫುಲ್ಟ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪಂದ್ಯಕ್ಕೆ 23.2 ಪಾಯಿಂಟ್ ಗಳಿಸಿದ್ದ. ಜೇಸನ್ ಟೇಟಮ್ ಡ್ಯೂಕ್‌ನಲ್ಲಿ 16.8. ದೂರದ ಗೆರೆಯಾಚೆಯಿಂದ ಎಸೆದು ಮೂರು ಪಾಯಿಂಟ್ ಗಳಿಸುವ ತ್ರೀ ಪಾಯಿಂಟರ್‌ನಲ್ಲೂ ಫುಲ್ಟ್ಜ್‌ನೇ ಮುಂದೆ: ಅವನದು ಶೇ 41.3, ಟೇಟಮ್‌ನದು ಶೇ 34.2. ಮೊದಲ ಆಯ್ಕೆಯ ಹಕ್ಕಿದ್ದ ಬೋಸ್ಟನ್ ಅದನ್ನು ಫಿಲಡೆಲ್ಫಿಯಾಕ್ಕೆ ಬಿಟ್ಟುಕೊಟ್ಟು, ಮೂರನೇ ಆಯ್ಕೆಯ ಜೊತೆಗೆ ಮುಂದಿನ ಮೊದಲ ಸುತ್ತಿನ ಆಯ್ಕೆಯೊಂದನ್ನು ಪಡೆದು, ಟೇಟಮ್‌ನನ್ನು ಆರಿಸಿತು. ಆ ಹೊತ್ತಿಗೆ ಹಲವರಿಗೆ ಇದು ಅರ್ಥವಾಗಲಿಲ್ಲ. ಈಗ ಇನ್ನೊಂದು ಅಂಕಣ ತೆರೆಯಿರಿ: ಎದುರಾಳಿ ಫೌಲ್ ಮಾಡಿದಾಗ ಸಿಗುವ ಫ್ರೀ ಥ್ರೋ. ಫುಲ್ಟ್ಜ್ ಶೇ 64.9, ಟೇಟಮ್ ಶೇ 84.9.

ಫ್ರೀ ಥ್ರೋ ಎಸೆಯುವಾಗ ಎದುರಿಗೆ ಯಾರೂ ಕೈ ಎತ್ತಿ ನಿಂತಿರುವುದಿಲ್ಲ. ದೂರ ಎಂದೂ ಬದಲಾಗದು, 15 ಅಡಿ. ಉಸಿರು ತೆಗೆದುಕೊಳ್ಳಲು ಸಮಯವಿದೆ. ಅಲ್ಲಿ ಕಾಣುವುದು ಬರೀ ಕೈಯ ಹದ. ತ್ರೀ ಪಾಯಿಂಟರ್ ಹಾಗಲ್ಲ. ಅದರಲ್ಲಿ ಯಾರು ಪಾಸ್ ಕೊಟ್ಟರು, ಎದುರಾಳಿ ಎಷ್ಟು ದೂರದಲ್ಲಿದ್ದ ಎಂಬುದೆಲ್ಲ ಬೆರೆತಿರುತ್ತದೆ. ಒಂದು ಕಾಲೇಜು ಋತುವಿನಲ್ಲಿ ಸಿಗುವ ನೂರು, ನೂರಿಪ್ಪತ್ತು ಎಸೆತ ತೀರ್ಪಿಗೆ ಸಾಲದು. ನಿಜವಾಗಿ ಶೇ 35ರ ಕೈ ಇರುವ ಹುಡುಗ 100 ಎಸೆತದಲ್ಲಿ ಬರೀ ಅದೃಷ್ಟದಿಂದ 30ಕ್ಕೆ ಇಳಿಯುವುದೂ 40ಕ್ಕೆ ಏರುವುದೂ ಮಾಮೂಲು. ಫುಲ್ಟ್ಜ್ ಹಾಕಿದ್ದು 126ರಲ್ಲಿ 52. ಅವುಗಳಲ್ಲಿ ಆರು ಬುಟ್ಟಿಯ ಬಳೆಗೆ, ಅಂದರೆ ರಿಮ್‌ಗೆ ಬಡಿದು ಹೊರಗೆ ಹೋಗಿದ್ದರೆ ಅದೇ ಅಂಕಿ 36.5 ಆಗುತ್ತಿತ್ತು. ಮೊದಲ ಎನ್‌ಬಿಎ ಋತುವಿನಲ್ಲಿ ಟೇಟಮ್ ಶೇ 43.4 ತ್ರೀ ಪಾಯಿಂಟರ್ ಹಾಕಿದ. ಫುಲ್ಟ್ಜ್‌ನ ಎಸೆತ ಕುಸಿದುಬಿತ್ತು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅವನಿಗೆ ಭುಜದ ಬಳಿ ನರ ಒತ್ತುವ ಥೋರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಇರುವುದು 2018ರ ಕೊನೆಯಲ್ಲಿ ಪತ್ತೆಯಾಯಿತು. ಇಡೀ ಕಥೆಯನ್ನು ಫ್ರೀ ಥ್ರೋ ಒಂದೇ ಹೇಳಿತ್ತು ಎನ್ನಲಾಗದು. ಆದರೆ 41.3ನ್ನು ಕಣ್ಣುಮುಚ್ಚಿ ನಂಬಬೇಡಿ ಎಂಬ ಸುಳಿವು ಅದರಲ್ಲಿತ್ತು.

ಇನ್ನು ನಿಮ್ಮ ಪಟ್ಟಿಯ ಪಾಯಿಂಟ್‌ಗಳನ್ನೇ ಸ್ವಲ್ಪ ಸೋಸೋಣ. ಹನ್ನೊಂದು ಪಾಯಿಂಟ್‌ನವನು ಎಷ್ಟು ನಿಮಿಷ ಆಡಿದ? 22 ನಿಮಿಷ ಎಂದಿಟ್ಟುಕೊಳ್ಳಿ. 36 ನಿಮಿಷಕ್ಕೆ ಲೆಕ್ಕ ಹಾಕಿದರೆ ಅದೇ 18 ಆಗುತ್ತದೆ. ಮುಂದಿನದು ಟ್ರೂ ಶೂಟಿಂಗ್, ಅಂದರೆ ಸಿಕ್ಕ ಅವಕಾಶಗಳನ್ನು ಎಷ್ಟು ಚೆನ್ನಾಗಿ ಪಾಯಿಂಟ್ ಮಾಡಿಕೊಂಡ ಎಂಬ ಅಳತೆ. ಫ್ರೀ ಥ್ರೋ ಎಸೆತಗಳನ್ನು 0.44ರಿಂದ ಗುಣಿಸಿ, ಅದಕ್ಕೆ ಉಳಿದ ಎಸೆತಗಳನ್ನು ಕೂಡಿಸಿ, ಬಂದದ್ದನ್ನು ಎರಡು ಪಟ್ಟು ಮಾಡಿ, ಅದರಿಂದ ಪಾಯಿಂಟ್‌ಗಳನ್ನು ಭಾಗಿಸಿ. 16 ಎಸೆತ, 4 ಫ್ರೀ ಥ್ರೋ, 18 ಪಾಯಿಂಟ್ ಇದ್ದರೆ ಸಿಗುವುದು 0.507. 8 ಎಸೆತ, 4 ಫ್ರೀ ಥ್ರೋ, 13 ಪಾಯಿಂಟ್ ಇದ್ದರೆ 0.666. ಮೊದಲನೆಯವನು ಪತ್ರಿಕೆಯ ತಲೆಬರಹದಲ್ಲಿರುತ್ತಾನೆ. ಎರಡನೆಯವನಿಗೆ ಎನ್‌ಬಿಎಯಲ್ಲಿ ಕೆಲಸ ಸಿಗುವ ಸಂಭವ ಹೆಚ್ಚು, ಏಕೆಂದರೆ ಕಡಿಮೆ ಚೆಂಡಿನಲ್ಲಿ ಬದುಕುವುದು ಅವನಿಗೆ ಆಗಲೇ ಗೊತ್ತು.

ವಯಸ್ಸಿನ ಅಂಕಣ ನಿಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ. ಡ್ರಾಫ್ಟ್ ಆಗುವ ವರ್ಷದೊಳಗೆ 19 ತುಂಬಬೇಕು ಎಂಬ ನಿಯಮ 2006ರ ಡ್ರಾಫ್ಟ್‌ನಿಂದ ಇದೆ. ಹೀಗಾಗಿ ಒಂದೇ ಪಟ್ಟಿಯಲ್ಲಿ ಹದಿನೆಂಟೂವರೆಯವರೂ ಇಪ್ಪತ್ಮೂರರವರೂ ಇರುತ್ತಾರೆ. ಇಪ್ಪತ್ಮೂರರವನು ಮೈ ತುಂಬಿಕೊಂಡು, ಇನ್ನೂ ಮೂಳೆ ಬಲಿಯದ ಹುಡುಗರ ಮೇಲೆ ಹೊಡೆದ ಇಪ್ಪತ್ತು ಪಾಯಿಂಟ್ ಬೇರೆ, ಹದಿನೆಂಟರವನು ಅದೇ ಮೈದಾನದಲ್ಲಿ ಗಳಿಸಿದ ಹನ್ನೊಂದು ಬೇರೆ. ಹುಟ್ಟಿದ ವರ್ಷದ ಜೊತೆ ತಿಂಗಳನ್ನೂ ಬರೆದುಕೊಳ್ಳಿ. ಹಾಗೆಂದು ದೊಡ್ಡವರನ್ನು ಸಾರಾಸಗಟಾಗಿ ಹೊಡೆದುಹಾಕಬೇಡಿ. ನಾಲ್ಕು ವರ್ಷ ಮಿಷಿಗನ್ ಸ್ಟೇಟ್‌ನಲ್ಲಿ ಆಡಿದ ಡ್ರೇಮಂಡ್ ಗ್ರೀನ್ 2012ರಲ್ಲಿ 35ನೆಯವನಾಗಿ ಹೋದ. ಮೂರು ವರ್ಷ ವಿಲನೋವಾದಲ್ಲಿದ್ದ ಜೇಲನ್ ಬ್ರನ್ಸನ್ 2018ರಲ್ಲಿ 33ನೆಯವನು. ಇಬ್ಬರೂ ಮುಂದೆ ತಾರೆಗಳಾದರು. ಗ್ರೀನ್‌ನ ರಕ್ಷಣೆ, ಪಾಸ್, ಮುಂದಾಗುವುದನ್ನು ಮೊದಲೇ ಓದುವ ಬುದ್ಧಿ, ಯಾವುದಕ್ಕೂ ಚೆಂಡು ಅವನ ಕೈಯಲ್ಲೇ ಇರಬೇಕಾಗಿರಲಿಲ್ಲ. ಅದಕ್ಕೇ ಅವೆಲ್ಲ ಅವನ ಜೊತೆ ಬಂದವು.

ಎತ್ತರದ ಪ್ರಶ್ನೆಗೆ ಬರೋಣ. ಹೂವು ಮಾರುವವರು ಎರಡೂ ಕೈ ಚಾಚಿ ಅಳೆಯುವ ಮಾರು ನಿಮಗೆ ಗೊತ್ತು. ವಿಂಗ್‌ಸ್ಪ್ಯಾನ್ ಎಂದರೆ ಅದೇ, ಆಟಗಾರನ ಮಾರು. ಡ್ರಾಫ್ಟ್‌ಗೆ ಮುಂಚೆ ಆಟಗಾರರನ್ನು ಅಳೆದು ಪರೀಕ್ಷಿಸಲು ಮೇ ತಿಂಗಳಲ್ಲಿ ಷಿಕಾಗೊದಲ್ಲಿ ನಡೆಯುವ ಕಂಬೈನ್ ಎಂಬ ಶಿಬಿರದಲ್ಲಿ ಬೂಟು ಬಿಚ್ಚಿಸಿ ಎತ್ತರ, ಮಾರು, ನಿಂತಲ್ಲೇ ಕೈ ಮೇಲೆತ್ತಿದರೆ ಸಿಗುವ ಎಟುಕು, ಅಂಗೈಯ ಉದ್ದ ಅಗಲ ಎಲ್ಲ ಅಳೆಯುತ್ತಾರೆ. ಇವುಗಳಲ್ಲಿ ಎತ್ತರಕ್ಕಿಂತ ಎಟುಕಿಗೆ ಬೆಲೆ ಹೆಚ್ಚು. ತಲೆಯಿಂದ ಯಾರೂ ಚೆಂಡು ತಡೆಯುವುದಿಲ್ಲ. 2013ರ ಕಂಬೈನ್‌ನಲ್ಲಿ ರೂಡಿ ಗೊಬೇರ್‌ನ ಎಟುಕು 9 ಅಡಿ 7 ಇಂಚು. ರಿಮ್ ಇರುವುದು 10 ಅಡಿಯಲ್ಲಿ. ಹಾರದೆಯೇ ಅವನ ಬೆರಳಿಗೂ ರಿಮ್‌ಗೂ ಐದೇ ಇಂಚಿನ ಅಂತರ. ಅಂಥವನು 27ನೆಯವನಾಗಿ ಹೋದ, ಮುಂದೆ ಲೀಗ್‌ನ ಅತ್ಯುತ್ತಮ ರಕ್ಷಕರಲ್ಲಿ ಒಬ್ಬನಾದ. ಗ್ರೀನ್ ಆರೂವರೆ ಅಡಿಯ ಆಸಾಮಿ, ಮಾರು ಮಾತ್ರ 7 ಅಡಿ ದಾಟುತ್ತದೆ. ಏಳಡಿಯವರನ್ನು ಅವನು ಕಾಯಬಲ್ಲ ಎಂಬುದರ ಒಂದು ಕಾರಣ ಅಲ್ಲಿದೆ.

ಓಟ, ನೆಗೆತದ ಪರೀಕ್ಷೆಗಳಿಗೆ ಅಷ್ಟು ತಲೆಕೆಡಿಸಿಕೊಳ್ಳಬೇಡಿ. 2007ರಲ್ಲಿ 185 ಪೌಂಡ್, ಅಂದರೆ ಸುಮಾರು 84 ಕೆ.ಜಿ. ಭಾರವನ್ನು ಮಲಗಿ ಎತ್ತುವ ಪರೀಕ್ಷೆಯಲ್ಲಿ ಕೆವಿನ್ ಡ್ಯುರಾಂಟ್‌ಗೆ ಒಂದು ಸಲವೂ ಎತ್ತಲಾಗಲಿಲ್ಲ. ಎರಡನೇ ಆಯ್ಕೆಯಾದ ಅವನ ಆಟಕ್ಕೆ ಅದರಿಂದ ಏನೂ ಕೊರತೆಯಾಗಲಿಲ್ಲ. ಪರೀಕ್ಷೆಯ ಅಂಕಿ ತೀರಾ ಕೆಳಗಿದ್ದರೆ ಮಾತ್ರ ಎಚ್ಚರಿಕೆಯಾಗಿ ತೆಗೆದುಕೊಳ್ಳಿ.

ಸತ್ನಾಮ್ ಸಿಂಗ್. ಪಂಜಾಬಿನ ಬಲ್ಲೋ ಕೇ ಹಳ್ಳಿಯಿಂದ ಫ್ಲಾರಿಡಾದ ಐಎಂಜಿ ಅಕಾಡೆಮಿಗೆ ಹೋಗಿ, 2015ರಲ್ಲಿ ಡಲ್ಲಾಸ್ ಮಾವೆರಿಕ್ಸ್‌ಗೆ 52ನೇ ಆಯ್ಕೆಯಾದ, ಭಾರತದಲ್ಲಿ ಹುಟ್ಟಿ ಡ್ರಾಫ್ಟ್ ಆದ ಮೊದಲ ಆಟಗಾರ. 7 ಅಡಿ 2 ಇಂಚು. ಟೆಕ್ಸಸ್ ಲೆಜೆಂಡ್ಸ್ ಪರ ಕೆಳ ಲೀಗ್‌ನಲ್ಲಿ ಆಡಿದರು, ಎನ್‌ಬಿಎ ಪಂದ್ಯ ಸಿಗಲಿಲ್ಲ. ಅವರ ಸಾಧನೆಯನ್ನು ನಾವು ಕಿರಿದು ಮಾಡುವುದಿಲ್ಲ, 52ನೇ ಸ್ಥಾನದಲ್ಲಿ ಹೋದವರಲ್ಲಿ ನೆಲೆಯೂರುವವರು ಎಲ್ಲ ದೇಶಗಳಿಂದಲೂ ಕಡಿಮೆಯೇ. ಆದರೆ ಅದೇ 2015ರ ಜೂನ್‌ನಲ್ಲಿ ಏನಾಯಿತು ನೋಡಿ: ಫೈನಲ್ ಸರಣಿಯ ನಾಲ್ಕನೇ ಪಂದ್ಯದಿಂದ ಗೋಲ್ಡನ್ ಸ್ಟೇಟ್ ಬುಟ್ಟಿಯ ಬಳಿ ಆಡುವ ತನ್ನ ಏಳಡಿಯ ಸೆಂಟರ್ ಆಂಡ್ರ್ಯೂ ಬೋಗಟ್‌ನನ್ನು ಆರಂಭಿಕರಿಂದ ತೆಗೆದು ಅವನಿಗಿಂತ ಗಿಡ್ಡನಾದ ಆಂಡ್ರೆ ಇಗ್ವೊಡಾಲನನ್ನು ಇಳಿಸಿತು, ಪ್ರಶಸ್ತಿ ಗೆದ್ದಿತು. ಆ ಹೊತ್ತಿಗೆ ದೊಡ್ಡ ಆಳನ್ನು ಬುಟ್ಟಿಯ ಬುಡದಿಂದ ಹೊರಗೆಳೆದು, ಚೆಂಡು ನಡೆಸುವ ಹಗುರ ಕಾಲಿನ ಗಾರ್ಡ್‌ನ ಎದುರು ನಿಲ್ಲಿಸುವುದೇ ಆಟದ ಮುಖ್ಯ ತಂತ್ರವಾಗುತ್ತಿತ್ತು. ಅಲ್ಲಿ ಎತ್ತರಕ್ಕಿಂತ ಮೊದಲು ಬೇಕಾದದ್ದು ಪಾದದ ವೇಗ. ಜೊತೆಗೆ ಎನ್‌ಬಿಎಯಲ್ಲಿ ರಕ್ಷಕ ಯಾರನ್ನೂ ಕಾಯದೆ ಬುಟ್ಟಿಯ ಮುಂದಿನ ಬಣ್ಣದ ಚೌಕದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಕಾಲೇಜಿನಲ್ಲಿ ಆ ಕಟ್ಟಳೆ ಇಲ್ಲ. ಅಲ್ಲೇ ಬೇರೂರಿ ನಿಂತು ಪಂದ್ಯಕ್ಕೆ ಮೂರು ಬ್ಲಾಕ್ ಮಾಡುವ, ಅಂದರೆ ಎದುರಾಳಿಯ ಎಸೆತ ತಡೆಯುವ ಸೆಂಟರ್‌ನ ಅಂಕಿಯನ್ನು ಪಟ್ಟಿಗೆ ಹಾಕುವ ಮುನ್ನ, ಅವನು ಎಲ್ಲಿಂದ ಬಂದು ಬ್ಲಾಕ್ ಮಾಡಿದ ಎಂದು ನೋಡಿ.

ಇನ್ನು ನೋಡುವ ಕ್ರಮ. ಒಬ್ಬ ಆಟಗಾರನಿಗೆ ಕನಿಷ್ಠ ಮೂರು ಪೂರ್ತಿ ಪಂದ್ಯ. ಮುಖ್ಯಾಂಶದ ತುಣುಕು ಬೇಡ, ಅದರಲ್ಲಿ ತಪ್ಪುಗಳೆಲ್ಲ ಕತ್ತರಿಸಿ ಹೋಗಿರುತ್ತವೆ. ಒಂದು ಬಲವಾದ ತಂಡದ ಎದುರು, ಅವರ ಊರಿನಲ್ಲಿ ಆಡಿದ್ದು. ಒಂದು ಅವನು ಕೆಟ್ಟದಾಗಿ ಆಡಿದ್ದು. ಒಂದು ಸಾಮಾನ್ಯ ಪಂದ್ಯ. ಕೆಟ್ಟ ಪಂದ್ಯವನ್ನು ಬಿಡಲೇಬೇಡಿ. ಎಸೆತ ಬೀಳದ ರಾತ್ರಿಯಲ್ಲಿ ಅವನು ಓಡಿ ಹಿಂದೆ ಬರುತ್ತಾನೆಯೇ, ಪಾಸ್ ಹುಡುಕುತ್ತಾನೆಯೇ ಎಂಬುದು ಅಲ್ಲೇ ಕಾಣುವುದು.

ಮೊದಲರ್ಧದಲ್ಲಿ ಚೆಂಡನ್ನು ನೋಡಬೇಡಿ, ಆ ಹುಡುಗನನ್ನೇ ನೋಡಿ. ಕಷ್ಟ, ಆದರೆ ಎರಡು ಪಂದ್ಯದಲ್ಲಿ ಕಣ್ಣು ಪಳಗುತ್ತದೆ. ಒಂದು ಸಂದರ್ಭವನ್ನು ಮಾತ್ರ ಎಣಿಸಿ. ಅವನು ಎಡ ಮೂಲೆಯ ಶೂಟರ್‌ನನ್ನು ಕಾಯುತ್ತಿದ್ದಾನೆ. ಆಟ ಬಲಗಡೆ ನಡೆದಿದೆ: ಎದುರಾಳಿ ಸೆಂಟರ್ ಅಡ್ಡ ನಿಂತು ತನ್ನ ಗಾರ್ಡ್‌ಗೆ ದಾರಿ ಮಾಡಿಕೊಟ್ಟು, ತಿರುಗಿ ಬುಟ್ಟಿಯತ್ತ ನುಗ್ಗುತ್ತಾನೆ. ಆಗ ಮೂಲೆಯಲ್ಲಿರುವ ನಮ್ಮ ಹುಡುಗ ಎರಡು ಹೆಜ್ಜೆ ಒಳಗೆ ಬಂದು ಆ ಸೆಂಟರ್‌ಗೆ ಎದೆಯೊಡ್ಡಿ ತಡೆಯಬೇಕು. ಚೆಂಡು ಮೂಲೆಗೆ ಹಾರಿದ ಕೂಡಲೆ ಓಡಿ ಹೋಗಿ, ಕೊನೆಯ ಎರಡು ಹೆಜ್ಜೆ ಚಿಕ್ಕದು ಮಾಡಿ, ಕೈ ಎತ್ತಿ ನಿಲ್ಲಬೇಕು. ತಪ್ಪುವುದು ಮೂರು ಬಗೆಯಲ್ಲಿ. ಚೆಂಡನ್ನೇ ನೋಡುತ್ತಾ ನಿಂತು ತನ್ನ ಆಟಗಾರ ಜಾಗ ಬದಲಿಸಿದ್ದು ತಿಳಿಯುವುದೇ ಇಲ್ಲ. ಇಲ್ಲವೇ ಒಳಗೆ ಬರುವುದು ಅರ್ಧ ಸೆಕೆಂಡ್ ತಡ, ತಡೆಯುವ ಬದಲು ಫೌಲ್ ಆಗುತ್ತದೆ. ಇಲ್ಲವೇ ವಾಪಸು ಓಡುವಾಗ ವೇಗ ತಡೆಯಲಾಗದೆ ಶೂಟರ್‌ನನ್ನು ದಾಟಿ ಹಾರಿಹೋಗುತ್ತಾನೆ, ಆ ಶೂಟರ್ ಒಂದು ಡ್ರಿಬಲ್ ಹಾಕಿ ಖಾಲಿ ದಾರಿಯಲ್ಲಿ ನಡೆದು ಹೋಗುತ್ತಾನೆ. ಇಂಥ ಹತ್ತು ಸಂದರ್ಭ ಎಣಿಸಿ, ಎಷ್ಟರಲ್ಲಿ ಸರಿಯಾಗಿ ಮಾಡಿದ, ತಪ್ಪು ಯಾವ ಬಗೆಯದು ಎಂದು ಬರೆಯಿರಿ. ಮೂರನೆಯ ತಪ್ಪು ಅಭ್ಯಾಸದಿಂದ ಹೋಗುತ್ತದೆ. ಮೊದಲನೆಯದು ಹೋಗುವುದು ಬಹಳ ನಿಧಾನ.

ದ್ವಿತೀಯಾರ್ಧದಲ್ಲಿ ಎಸೆತ ನೋಡಿ, ಬಿತ್ತೋ ಇಲ್ಲವೋ ಎಂಬುದನ್ನು ಬಿಟ್ಟು. ಚೆಂಡು ಕೈಗೆ ಬರುವ ಮುಂಚೆಯೇ ಪಾದಗಳು ಸಿದ್ಧವಾಗಿವೆಯೇ? ಚೆಂಡನ್ನು ಸೊಂಟದವರೆಗೆ ಇಳಿಸಿ ಮತ್ತೆ ಎತ್ತುತ್ತಾನೆಯೇ? ಕಾಲೇಜಿನಲ್ಲಿ ಅದಕ್ಕೆ ಸಮಯ ಸಿಗುತ್ತದೆ, ಏಳಡಿ ಮಾರಿನವನು ಎದುರು ಬಂದಾಗ ಸಿಗುವುದಿಲ್ಲ. ತಪ್ಪಿದ ಚೆಂಡು ಎಲ್ಲಿ ಬಡಿಯಿತು? ಗಿಡ್ಡ ಬಿದ್ದರೆ ಬಹುತೇಕ ಕಾಲಿನ ದಣಿವು, ಸರಿಹೋಗುವಂಥದ್ದು. ಎಡಕ್ಕೆ ಬಲಕ್ಕೆ ಹೊಯ್ದಾಡಿದರೆ ಆಸರೆ ಕೊಡುವ ಕೈಯ ಹೆಬ್ಬೆರಳು ಚೆಂಡನ್ನು ನೂಕುತ್ತಿರಬಹುದು, ಚೆಂಡಿನ ಸುತ್ತುವಿಕೆ ಓರೆಯಾಗಿದ್ದರೆ ಅನುಮಾನ ಖಚಿತ. ದೂರವನ್ನೂ ಗಮನಿಸಿ. ಕಾಲೇಜಿನ ತ್ರೀ ಪಾಯಿಂಟ್ ಗೆರೆ 6.75 ಮೀಟರ್, ಎನ್‌ಬಿಎಯದು ನಡುವೆ 7.24. ಗೆರೆಗೆ ಕಾಲುಬೆರಳು ತಾಗಿಸಿ ಎಸೆಯುವವನಿಗಿಂತ ಒಂದು ಮೊಳ ಹಿಂದೆ ನಿಂತು ಅದೇ ಸಲೀಸಿನಲ್ಲಿ ಎಸೆಯುವವನಿಗೆ ಒಂದು ಗುರುತು ಹಾಕಿ. ಎಸೆತ ಸರಿಯಿಲ್ಲದಿದ್ದರೂ ಬಾಗಿಲು ಮುಚ್ಚಿತು ಎಂದಲ್ಲ. ಕವಾಯ್ ಲೆನಾರ್ಡ್ ಕಾಲೇಜಿನ ಎರಡನೇ ವರ್ಷದಲ್ಲಿ ತ್ರೀ ಪಾಯಿಂಟರ್ ಹಾಕಿದ್ದು ಶೇ 29, ಫ್ರೀ ಥ್ರೋ ಶೇ 76ರ ಸುಮಾರು. 2011ರಲ್ಲಿ 15ನೆಯವನಾಗಿ ಹೋಗಿ ಸ್ಯಾನ್ ಆಂಟೋನಿಯೊ ಸೇರಿದ. ಅಲ್ಲಿ ಶೂಟಿಂಗ್ ಕೋಚ್ ಚಿಪ್ ಎಂಗಲಂಡ್ ಅವನ ಎಸೆತವನ್ನು ತಿದ್ದಿದರು, ಮೊದಲ ಋತುವಿನಲ್ಲೇ ಶೇ 37.6 ಆಯಿತು. ಕೈಯ ಹದ ಇತ್ತು, ತಿದ್ದುವವರು ಸಿಕ್ಕರು, ದುಡಿಯುವ ಹುಡುಗನೂ ಆಗಿದ್ದ.

ಮನೆಯಿಂದ ಕಾಣದ್ದು ಮೈಯೊಳಗಿನ ಸ್ಥಿತಿ. 2007ರಲ್ಲಿ ಡ್ಯುರಾಂಟ್‌ಗಿಂತ ಮೊದಲು ಹೋದ ಗ್ರೆಗ್ ಓಡನ್ ಮೊಣಕಾಲಿನಿಂದಾಗಿ ಒಟ್ಟು 105 ಪಂದ್ಯವಷ್ಟೇ ಆಡಿದ. 2014ರಲ್ಲಿ ಇಸಾಯಾ ಆಸ್ಟಿನ್‌ಗೆ ಹೃದಯಕ್ಕೆ ಅಪಾಯ ತರುವ ಮಾರ್ಫನ್ ಸಿಂಡ್ರೋಮ್ ಇರುವುದು ಡ್ರಾಫ್ಟ್‌ಗೆ ಕೆಲವೇ ದಿನ ಮುಂಚಿನ ತಪಾಸಣೆಯಲ್ಲಿ ತಿಳಿಯಿತು. ಒಬ್ಬ ಒಳ್ಳೆಯ ಆಟಗಾರ ಡ್ರಾಫ್ಟ್ ರಾತ್ರಿ ಕಾರಣವಿಲ್ಲದೆ ಜಾರುತ್ತಿದ್ದಾನೆ ಎನಿಸಿದರೆ ವೈದ್ಯಕೀಯ ವರದಿಯಲ್ಲಿ ಏನೋ ಇದ್ದಿರಬಹುದು ಎಂದುಕೊಳ್ಳಿ, ನಿಮ್ಮ ಲೆಕ್ಕ ತಪ್ಪಾಯಿತು ಎಂದು ಬೇಸರ ಬೇಡ.

ಬೇಸರ ಪಡಬೇಡಿ ಎನ್ನಲು ಇನ್ನೊಂದು ಕಾರಣವೂ ಇದೆ. ಪಟ್ಟಿಯನ್ನು ಡ್ರಾಫ್ಟ್ ರಾತ್ರಿಯ ಕ್ರಮದೊಂದಿಗೆ ಹೋಲಿಸುವುದೇ ಸರಿಯಲ್ಲ. ಮೂವತ್ತು ತಂಡಗಳೂ ತಪ್ಪುತ್ತವೆ. 2013ರಲ್ಲಿ ಮೊದಲು ಹೋದ ಆ್ಯಂಟನಿ ಬೆನೆಟ್ ಲೀಗ್‌ನಲ್ಲಿ ನೆಲೆಯೂರಲಿಲ್ಲ, ಗ್ರೀಸ್‌ನ ಎರಡನೇ ದರ್ಜೆಯಲ್ಲಿ ಆಡುತ್ತಿದ್ದ ಯಾನಿಸ್ ಅಂಟೆಟೊಕೂಂಪೊ 15ನೆಯವನು. ಮರುವರ್ಷ ನಿಕೊಲಾ ಯೋಕಿಚ್ 41ನೆಯವನು. ಯಾನಿಸ್, ಯೋಕಿಚ್ ಇಬ್ಬರೂ ಮುಂದೆ ಲೀಗ್‌ನ ದೊಡ್ಡ ತಾರೆಗಳಾದರು. ಮೊದಲ ಸುತ್ತಿನವರ ಒಪ್ಪಂದದಲ್ಲಿ ಎರಡು ವರ್ಷ ಖಾತ್ರಿ, ಮೂರನೆಯದೂ ನಾಲ್ಕನೆಯದೂ ತಂಡದ ಇಚ್ಛೆ. ನಿಮ್ಮ ಪಟ್ಟಿಯನ್ನು ಜೋಪಾನವಾಗಿಟ್ಟು ಆ ನಾಲ್ಕು ವರ್ಷ ಮುಗಿದಾಗ ತೆಗೆದು ನೋಡಿ, ಯಾರು ಇನ್ನೂ ಆಡುತ್ತಿದ್ದಾರೆ ಎಂದು.

ಮುಂದಿನ ಸಲ ಮೂವತ್ತು ಹೆಸರು ಬೇಡ, ಹತ್ತು ಸಾಕು. ತಲಾ ಮೂರು ಪಂದ್ಯ ಎಂದರೆ ಮೂವತ್ತು ಪಂದ್ಯವಾಯಿತು. ಅಣ್ಣನ ಮಗ ರಕ್ಷಣೆ ಎಣಿಸಲಿ, ನೀವು ಎಸೆತ ನೋಡಿ, ಒಬ್ಬರದನ್ನು ಇನ್ನೊಬ್ಬರು ಪಂದ್ಯ ಮುಗಿಯುವವರೆಗೆ ಕೇಳಬೇಡಿ. ಹೆಸರಿನ ಮುಂದೆ ಹುಟ್ಟಿದ ತಿಂಗಳು, ಮಾರು, ಎಟುಕು, ಫ್ರೀ ಥ್ರೋ ಇಷ್ಟಿರಲಿ. ಫ್ರೀ ಥ್ರೋದಲ್ಲಿ ಶೇಕಡಾವಾರಿನ ಜೊತೆ ಒಟ್ಟು ಎಸೆತವೆಷ್ಟು ಎಂಬುದನ್ನೂ ಬರೆಯಿರಿ. ಮೇ ಕೊನೆಯೊಳಗೆ ನಮಗೆ ಕಳಿಸಿದರೆ ಡ್ರಾಫ್ಟ್‌ಗೆ ಮೊದಲೇ ಈ ಪುಟದಲ್ಲಿ ಹಾಕುತ್ತೇವೆ.

ಸಂಪಾದಕರು