ಮಾಷ್ಟ್ರೇ, ಪಂಪ್ ಬದಲಿಸುವ ಮೊದಲು ಇದನ್ನೊಮ್ಮೆ ಓದಿ

ಮಾಷ್ಟ್ರೇ, ಸ್ವಲ್ಪ ನಿಲ್ಲಿ. ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ದೂಡುವ ಆ ಪಂಪಿಗೆ ಅಡ್ವಾನ್ಸ್ ಕೊಡಬೇಡಿ. ನಿಮ್ಮ ಕಾರಿನ ತೊಂದರೆ ಬಗ್ಗೆ ನೀವು ಇಲ್ಲಿ ಬರೆದದ್ದನ್ನು ಎರಡು ಸಲ ಓದಿದೆ. ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಫುಲ್ ಟ್ಯಾಂಕ್ ಮಾಡಿಸಿದ ಕೂಡಲೇ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ನಾಲ್ಕೈದು ಸಲ ಹೊಡೆದ ಮೇಲೆ ಕುಂಟುತ್ತಾ ಎದ್ದು, ಪೆಟ್ರೋಲ್ ವಾಸನೆ ಬಂದು, ಒಂದು ನಿಮಿಷದಲ್ಲಿ ಸರಿಯಾಗುತ್ತದೆ. ಮರುದಿನ ಬೆಳಿಗ್ಗೆ ಮನೆಯಂಗಳದಲ್ಲಿ ಒಂದೇ ಸೆಲ್ಫಿಗೆ ಸ್ಟಾರ್ಟ್. ಐನೂರು ರೂಪಾಯಿಗೆ ಹಾಕಿಸಿದ ದಿನ ಯಾವ ತೊಂದರೆಯೂ ಇಲ್ಲ. ಇಷ್ಟೇ ಅಲ್ವಾ? ಇದರಲ್ಲಿ ಪಂಪ್ ಎಲ್ಲಿಂದ ಬಂತು? ಪಂಪ್ ಸೋತಿದ್ದರೆ ಬೆಳಿಗ್ಗೆಯೂ ಸತಾಯಿಸುತ್ತಿತ್ತು, ಏರಿನಲ್ಲಿ ಎಳೆಯುತ್ತಿರಲಿಲ್ಲ, ಟ್ಯಾಂಕ್ ತಳ ಮುಟ್ಟುವಾಗ ಹಠ ಜಾಸ್ತಿಯಾಗುತ್ತಿತ್ತು. ನಿಮ್ಮದು ಪೂರ್ತಿ ತಿರುಗಾಮುರುಗ.

ಇದೇ ತಪ್ಪು ನಾನು ಮಾಡಿದ್ದೇನೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ನನ್ನದೂ ಪೆಟ್ರೋಲ್ ಗಾಡಿ, ಇದೇ ಲಕ್ಷಣ. ಮೊದಲು ಬ್ಯಾಟರಿ ಹಾಕಿಸಿದೆ. ಆಮೇಲೆ ನಾಲ್ಕು ಪ್ಲಗ್. ಆಮೇಲೆ ಟ್ಯಾಂಕ್ ಇಳಿಸಿ ಪಂಪ್, ಎಂಟು ಸಾವಿರದ ಹತ್ತಿರ ಹೋಯಿತು. ಅದರ ಮರುವಾರ ಅಮ್ಮನನ್ನು ಮಂಗಳೂರಿನಲ್ಲಿ ಡಾಕ್ಟರಿಗೆ ತೋರಿಸಿ ಬರುವಾಗ ಗಡಿಯ ಹತ್ತಿರ ಫುಲ್ ಮಾಡಿಸಿದೆ, ಮತ್ತೆ ಅದೇ ಕಥೆ. ಹಿಂದೆ ಲಾರಿಯವನ ಹಾರ್ನ್, ಒಳಗೆ ಅಮ್ಮ ಬಿಸಿಲಿಗೆ ಬೆವರುತ್ತಾ ಕೂತಿದ್ದರು, ಬಂಕಿನ ಹುಡುಗರು ಗಾಡಿ ತಳ್ಳಿ ಬದಿಗೆ ಹಾಕಿದರು. ಇಪ್ಪತ್ತು ನಿಮಿಷ. ಆ ದಿನದ ಮಟ್ಟಿಗೆ ನನಗೆ ಅಳುವೇ ಬಂದಿತ್ತು.

ಕೊನೆಗೆ ಬದಿಯಡ್ಕದ ಹಳೇ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತಿ ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಬೇಕಾದಾಗ ಮಾತ್ರ ಎಂಜಿನ್ನಿಗೆ ಬಿಡುವ ಸಣ್ಣ ವಾಲ್ವ್) ಬಿಚ್ಚಿ ನನ್ನ ಕೈಗೆ ಕೊಟ್ಟು, ಊದಿ ನೋಡಿ ಅಂದರು. ಊದಿದೆ. ಗಾಳಿ ಸರಾಗವಾಗಿ ಆಚೆ ಹೋಯಿತು. ಕರೆಂಟ್ ಇಲ್ಲದಾಗ ಅದು ಮುಚ್ಚಿರಬೇಕು, ಒಂದಿಷ್ಟೂ ಗಾಳಿ ಹೋಗಬಾರದು. ಆಮೇಲೆ ಅದನ್ನು ಅಂಗೈ ಮೇಲೆ ಕುಟ್ಟಿದರು, ಸಾಸಿವೆಗಿಂತ ಸಣ್ಣ ಕಪ್ಪು ಹುಡಿ ಉದುರಿತು. ಕ್ಯಾನಿಸ್ಟರಿನ, ಅಂದರೆ ಟ್ಯಾಂಕಿನ ಆವಿ ಹಿಡಿದಿಡುವ ಡಬ್ಬದ, ಇದ್ದಿಲು ಅದು. ಒಂದು ಹರಳು ವಾಲ್ವಿನ ಬಾಯಿಯಲ್ಲಿ ಸಿಕ್ಕಿಕೊಂಡರೆ ಮುಗಿಯಿತು, ಅದು ಸದಾ ತೆರೆದೇ ಇರುತ್ತದೆ. ಟ್ಯಾಂಕಿಗೆ ನಲವತ್ತು ಲೀಟರ್ ಇಳಿಯುವಾಗ ಒಳಗಿದ್ದ ಆವಿಗೆ ಜಾಗ ಬೇಕಲ್ಲ, ಅದರಲ್ಲಿ ಒಂದು ಪಾಲು ಪೈಪ್ ಹಿಡಿದು ನೇರ ಮ್ಯಾನಿಫೋಲ್ಡಿಗೆ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಬಂದು ತುಂಬುತ್ತದೆ. ಮೇಲಿಂದ ಇಂಜೆಕ್ಟರ್ ತನ್ನ ಲೆಕ್ಕದ ಪೆಟ್ರೋಲನ್ನೂ ಬಿಡುತ್ತದೆ. ಗಾಳಿ ಸಾಲುವುದಿಲ್ಲ, ಪ್ಲಗ್ ಒದ್ದೆ. ಐನೂರು ರೂಪಾಯಿ ಪೆಟ್ರೋಲಿಗೆ ಅಷ್ಟು ಆವಿ ಏಳುವುದಿಲ್ಲ, ಅದಕ್ಕೇ ಆ ದಿನ ತೊಂದರೆ ಕಾಣುವುದಿಲ್ಲ.

ಹಾಗಾದರೆ ಬಂಕಿನಲ್ಲಿ ನಿಂತಾಗ ಏನು ಮಾಡುವುದು? ಆಕ್ಸಿಲರೇಟರ್ ಪೂರ್ತಿ ತಳಕ್ಕೆ ಒತ್ತಿ ಹಿಡಿದುಕೊಂಡು ಸೆಲ್ಫ್ ಹೊಡೆಯಿರಿ. ಒತ್ತಿ ಒತ್ತಿ ಬಿಡಬೇಡಿ, ಒತ್ತಿಯೇ ಇರಿ. ಇಂಜೆಕ್ಟರ್ ಗಾಡಿಗಳಲ್ಲಿ ಹೆಚ್ಚಿನವು ಹೀಗೆ ಮಾಡಿದಾಗ ಪೆಟ್ರೋಲ್ ಬಿಡುವುದನ್ನು ನಿಲ್ಲಿಸಿ ಬರೀ ಗಾಳಿ ಎಳೆಯುತ್ತವೆ, ತುಂಬಿದ ಆವಿ ಹೊರಗೆ ಹೋಗುತ್ತದೆ. ಹತ್ತು ಸೆಕೆಂಡಿಗಿಂತ ಜಾಸ್ತಿ ಒಂದೇ ಸಮನೆ ಬೇಡ, ನಡುವೆ ಅರ್ಧ ನಿಮಿಷ ಬಿಡಿ. ಎಂಜಿನ್ ಹಿಡಿದ ಕೂಡಲೇ ಕಾಲು ತೆಗೆಯಿರಿ, ಇಲ್ಲದಿದ್ದರೆ ಒಮ್ಮೆಲೇ ಕೂಗಿಬಿಡುತ್ತದೆ. ಗೇರ್ ನ್ಯೂಟ್ರಲ್ಲಿನಲ್ಲಿ, ಹ್ಯಾಂಡ್ ಬ್ರೇಕ್ ಮೇಲೆ, ಇದು ಮರೆಯಬೇಡಿ. ಹೀಗೆ ಒತ್ತಿದಾಗ ಮಾತ್ರ ಬೇಗ ಸ್ಟಾರ್ಟ್ ಆದರೆ ರೋಗ ಇಲ್ಲೇ ಉಂಟು ಅಂತ ಮುಕ್ಕಾಲು ಪಾಲು ಗಟ್ಟಿ.

ಉಳಿದ ಕಾಲು ಪಾಲಿಗೆ ನನ್ನ ಪೈಪ್ ಪರೀಕ್ಷೆ. ಬಂಕಿಗೆ ಹೋಗುವ ಮೊದಲೇ, ಮನೆಯಲ್ಲೋ ರಸ್ತೆ ಬದಿಯಲ್ಲೋ ಗಾಡಿ ಆಫ್ ಮಾಡಿ, ವಾಲ್ವಿನಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಪೈಪನ್ನು ಬಟ್ಟೆ ಸುತ್ತಿದ ಲಾಕಿಂಗ್ ಪ್ಲೈಯರಿನಲ್ಲಿ ಅಮುಕಿ ಬಿಡಿ. ಆಮೇಲೆ ಹೋಗಿ ಫುಲ್ ಮಾಡಿಸಿ. ಸ್ಟಾರ್ಟ್ ಸಲೀಸಾಗಿ ಆಯಿತೋ, ವಾಲ್ವೇ ಕಳ್ಳ. ಪ್ಲೈಯರ್ ಫ್ಯಾನಿಗೆ ಬೆಲ್ಟಿಗೆ ತಾಗದ ಹಾಗೆ ನೋಡಿಕೊಳ್ಳಿ. ಬಂಕಿನ ಒಳಗೆ ಬಾನೆಟ್ ಎತ್ತಿ ಕೆಲಸ ಮಾಡಬೇಡಿ, ದಯವಿಟ್ಟು. ಕೆಲವು ಗಾಡಿಗಳಲ್ಲಿ ಆ ಪೈಪ್ ಗಟ್ಟಿ ಪ್ಲಾಸ್ಟಿಕ್, ಅಮುಕಿದರೆ ಒಡೆಯುತ್ತದೆ, ಅಲ್ಲಿ ವಾಲ್ವ್ ಬಿಚ್ಚಿ ಊದಿ ನೋಡುವುದೇ ದಾರಿ. ಊದುವ ಮೊದಲು ಒರೆಸಿಕೊಳ್ಳಿ, ಬಾಯಿಂದ ಎಳೆಯಲೇ ಬೇಡಿ, ಪೆಟ್ರೋಲ್ ಆವಿ ಅದು. ಗಾಡಿಯ ಕಂಪ್ಯೂಟರಿನ ದೋಷದ ಕೋಡ್ ಓದುವ ಒಬಿಡಿ ಸ್ಕ್ಯಾನರ್ ಇದ್ದರೆ ಪಿ0496 (ಪರ್ಜ್ ಆವಿ ಜಾಸ್ತಿ) ಅಥವಾ ಪಿ0172 (ಗಾಳಿಗಿಂತ ಪೆಟ್ರೋಲ್ ಜಾಸ್ತಿ) ಉಂಟಾ ನೋಡಿ. ಆದರೆ ಕೋಡ್ ಇಲ್ಲ ಅಂತ ವಾಲ್ವ್ ಸರಿ ಉಂಟು ಎಂದು ತಿಳಿಯಬೇಡಿ. ನನ್ನದರಲ್ಲಿ ಚೆಕ್ ಲೈಟ್ ಒಮ್ಮೆಯೂ ಬಂದಿರಲಿಲ್ಲ.

ವಾಲ್ವ್ ತೆಗೆದುಕೊಳ್ಳುವಾಗ ಕಂಪೆನಿಯದ್ದೇ ತೆಗೆದುಕೊಳ್ಳಿ, ಇಲ್ಲವೇ ಬಾಷ್, ಡೆನ್ಸೊ ಸಿಕ್ಕಿದರೆ ಅದು. ಹೆಸರಿಲ್ಲದ ಮುನ್ನೂರು ರೂಪಾಯಿಯದ್ದು ನಾನು ಒಮ್ಮೆ ಹಾಕಿ ನೋಡಿದ್ದೇನೆ, ಎರಡು ತಿಂಗಳಿಗೆ ಮತ್ತೆ ಅದೇ ಹಾಡು. ಹಳೆ ವಾಲ್ವಿನಿಂದ ಕಪ್ಪು ಹುಡಿ ಬಂದರೆ ಕ್ಯಾನಿಸ್ಟರೂ ಹೋಗಿದೆ ಅಂತಲೇ ಅರ್ಥ. ಅದನ್ನು ಬಿಟ್ಟು ವಾಲ್ವ್ ಮಾತ್ರ ಹಾಕಿದರೆ ಹೊಸದಕ್ಕೂ ಅದೇ ಹುಡಿ ಬಂದು ಕೂರುತ್ತದೆ. ಕ್ಯಾನಿಸ್ಟರ್ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಗಲಗಲ ಅಂದರೆ ಅಥವಾ ಪೆಟ್ರೋಲ್ ತುಂಬಿ ಭಾರವಾಗಿದ್ದರೆ ಬದಲಿಸಿ.

ಈಗ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ, ಬೇಜಾರು ಮಾಡಬೇಡಿ. ಕ್ಯಾನಿಸ್ಟರ್ ಹಾಳು ಮಾಡುವವರು ನಾವೇ. ಕೇರಳಕ್ಕಿಂತ ಕರ್ನಾಟಕದಲ್ಲಿ ಪೆಟ್ರೋಲಿಗೆ ನಾಲ್ಕು ಕಾಸು ಕಡಿಮೆ ಅಂತ ಮಂಜೇಶ್ವರ, ಉಪ್ಪಳ, ಕುಂಬಳೆಯವರೆಲ್ಲ ಗಡಿ ದಾಟಿ ಬಾಯಿವರೆಗೆ ತುಂಬಿಸುವುದು. ನೋಝಲ್ ಟಕ್ ಅಂತ ಕಟ್ ಆದ ಮೇಲೂ ಇನ್ನೂ ಸ್ವಲ್ಪ ಹಾಕಿ, ರೌಂಡ್ ಮಾಡಿ, ಗಾಡಿ ಅಲ್ಲಾಡಿಸಿ ಮತ್ತೆ ಹಾಕಿ. ಕಟ್ ಆಯಿತೆಂದರೆ ಟ್ಯಾಂಕ್ ತುಂಬಿತು, ಅಷ್ಟೇ. ಮೇಲೆ ಉಳಿಯುವ ಜಾಗ ಆವಿಗೆ ಬೇಕು. ಅದನ್ನೂ ತುಂಬಿಸಿದರೆ ಆವಿ ಹೋಗುವ ಪೈಪಿನಲ್ಲಿ ಪೆಟ್ರೋಲೇ ಹರಿದು ಇದ್ದಿಲು ನೆನೆಯುತ್ತದೆ. ಅರ್ಧ ಲೀಟರಿನಲ್ಲಿ ಉಳಿಯುವುದು ಎರಡು ಮೂರು ರೂಪಾಯಿ, ಕ್ಯಾನಿಸ್ಟರ್ ಎಷ್ಟು ಅಂತ ಷೋರೂಮಿನಲ್ಲಿ ಒಮ್ಮೆ ಕೇಳಿ ನೋಡಿ.

ನಿಮ್ಮ ಪೋಸ್ಟಿನ ಕೆಳಗೆ ಒಬ್ಬರು ಪೆಟ್ರೋಲಿನಲ್ಲಿ ನೀರು ಅಂದಿದ್ದಾರೆ. ಮಳೆಗಾಲದಲ್ಲಿ ಅದೂ ಆಗುತ್ತದೆ, ಈಗ ಇ20 (ಶೇಕಡಾ ಇಪ್ಪತ್ತು ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಎಥನಾಲ್ ನೀರನ್ನು ಹೀರಿಕೊಂಡು ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಆದರೆ ನೀರು ಸೇರಿದ ಗಾಡಿ ಬಂಕಿನಿಂದ ಹೊರಟು ಸ್ವಲ್ಪ ದೂರ ಹೋದ ಮೇಲೆ ಮುಗ್ಗರಿಸುವುದು ಜಾಸ್ತಿ, ಒಂದು ನಿಮಿಷದಲ್ಲಿ ತಾನಾಗಿ ಸರಿಯಾಗುವುದಿಲ್ಲ, ಮರುದಿನವೂ ಕಾಡುತ್ತದೆ. ಸಂಶಯ ಇದ್ದರೆ ಗಾಜಿನ ಬಾಟಲಿಗೆ ಸ್ವಲ್ಪ ತೆಗೆದು ಒಂದು ಗಂಟೆ ಇಡಿ, ಎರಡು ಪದರ ಕಂಡರೆ ಪತ್ತೆಯಾಯಿತು. ಬಂಕಿನಲ್ಲಿ ಪೆಟ್ರೋಲ್ ಹನಿ ಹಾಕಿ ನೋಡುವ ಫಿಲ್ಟರ್ ಪೇಪರ್ ಕೇಳುವ ಹಕ್ಕು ನಮಗುಂಟು, ಆದರೆ ಅದು ಕಲಬೆರಕೆಗೆ, ನೀರಿಗಲ್ಲ.

ಪೆಟ್ರೋಲ್ ಗಾಡಿಗೆ ಡೀಸೆಲ್ ಬಿದ್ದಿದೆ ಅಂತ ಗೊತ್ತಾದರೆ ಮಾತ್ರ ಮೇಲೆ ಹೇಳಿದ್ದು ಯಾವುದೂ ಮಾಡಬೇಡಿ. ಕೀ ಆನ್ ಕೂಡ ಮಾಡಬೇಡಿ, ಆನ್ ಮಾಡಿದ ಕೂಡಲೇ ಪಂಪ್ ಎಳೆಯುತ್ತದೆ. ತಳ್ಳಿ ಬದಿಗೆ ನಿಲ್ಲಿಸಿ ಟ್ಯಾಂಕ್ ಖಾಲಿ ಮಾಡಿಸಿ. ಇನ್ನು ಸೆಲ್ಫ್ ತಿರುಗದೆ ಬರೀ ಟಕ್ ಟಕ್ ಅಂದರೆ ಅದು ಬ್ಯಾಟರಿಯ ಮಾತು, ಇದಲ್ಲ.

ಇನ್ನೊಂದು. ಅರ್ಧ ಟ್ಯಾಂಕಿಗೇ ನೋಝಲ್ ಪದೇ ಪದೇ ಕಟ್ ಆಗುತ್ತಿದ್ದರೆ, ಅಥವಾ ಮುಚ್ಚಳ ತೆಗೆಯುವಾಗ ಪ್ರತಿ ಸಲ ಜೋರಾಗಿ ಗಾಳಿ ಎಳೆದ ಶಬ್ದ ಬಂದರೆ ಕ್ಯಾನಿಸ್ಟರಿನ ಗಾಳಿ ಪೈಪ್ ನೋಡಿ. ನನ್ನ ಭಾವನ ಗಾಡಿ ಅಡಿಕೆ ಶೆಡ್ಡಿನಲ್ಲಿ ನಿಲ್ಲುವುದು, ಅದರ ಪೈಪಿನ ಬಾಯಿಯಲ್ಲಿ ಕಡಜ ಮಣ್ಣಿನ ಗೂಡು ಕಟ್ಟಿತ್ತು. ಸಣ್ಣ ಸರಿಗೆಯಲ್ಲಿ ಕೆರೆದು ತೆಗೆದೆವು, ಒಂದು ರೂಪಾಯಿ ಖರ್ಚಿಲ್ಲ. ಇಲಿ ಕಚ್ಚಿದ ಪೈಪೂ ನಮ್ಮ ಕಡೆ ಮಾಮೂಲು, ಟಾರ್ಚ್ ಹಾಕಿ ಪೂರ್ತಿ ಉದ್ದಕ್ಕೆ ನೋಡಿ.

ಭಾನುವಾರ ಪೈಪ್ ಅಮುಕಿ ನೋಡಿ ಏನಾಯಿತು ಅಂತ ಇಲ್ಲೇ ಹಾಕಿ ಮಾಷ್ಟ್ರೇ. ವಾಲ್ವ್ ಯಾವುದು ಅಂತ ಗೊತ್ತಾಗದಿದ್ದರೆ ಬಾನೆಟ್ ತೆಗೆದು ಒಂದು ಫೋಟೋ ಕಳಿಸಿ, ಗುರುತು ಹಾಕಿ ಕೊಡುತ್ತೇನೆ.