35ನೇ ವಯಸ್ಸಿನಲ್ಲಿ ಭರತನಾಟ್ಯದ ಮೊದಲ ಕ್ಲಾಸಿಗೆ ಹೋಗ್ತಿದ್ದೇನೆ, ಏನು ತಯಾರಿ ಬೇಕು?

35ಕ್ಕೆ ಶುರು ಮಾಡಿದರೆ ತಡವೇನಲ್ಲ, ಧೈರ್ಯವಾಗಿ ಹೋಗಿ. ಹತ್ತಿಯ ಚೂಡಿದಾರ್ ಸಾಕು, ದುಪಟ್ಟಾ ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಳ್ಳಿ. ಗೆಜ್ಜೆ ಈಗಲೇ ಕೊಳ್ಳಬೇಡಿ. ಊಟ ಆದ ತಕ್ಷಣ ಹೋಗಬೇಡಿ.

ನಿಜವಾಗಿ ತಯಾರಾಗಬೇಕಿರುವುದು ಮಂಡಿ. ಸಾಮಾನ್ಯವಾಗಿ ಶುರುವಿನಲ್ಲೇ ಅರೆಮಂಡಿಯಲ್ಲಿ, ಅಂದರೆ ಮಂಡಿ ಬಾಗಿಸಿ ಅರ್ಧ ಕೂತ ಭಂಗಿಯಲ್ಲಿ, ನಿಲ್ಲಿಸಿ ತಟ್ಟಡವು (ಪಾದ ನೆಲಕ್ಕೆ ತಟ್ಟುವ ಹೆಜ್ಜೆ) ಹೇಳಿಕೊಡುತ್ತಾರೆ, ‘ತೈಯಾ ತೈ’ ಅಂದಾಗ ಪಾದ ಪೂರ್ತಿಯಾಗಿ ನೆಲಕ್ಕೆ ಬೀಳಬೇಕು, ಅದೂ ಬರಿಗಾಲಲ್ಲಿ. ಹಾಗಾಗಿ ಒಂದು ವಾರ ಮೊದಲಿಂದಲೇ ಕನ್ನಡಿ ಮುಂದೆ ಹಿಮ್ಮಡಿ ಸೇರಿಸಿ, ಪಾದ ಹೊರಕ್ಕೆ ತಿರುಗಿಸಿ, ಬೆನ್ನು ನೆಟ್ಟಗಿಟ್ಟು ಮೆಲ್ಲಗೆ ಅರ್ಧ ಕೂತು ಏಳಿ. ಮಂಡಿ ಕಾಲ್ಬೆರಳಿನ ದಿಕ್ಕಿಗೇ ಬಾಗಬೇಕು, ಒಳಕ್ಕೆ ವಾಲಬಾರದು. ಪಾದವನ್ನು ಜಾಸ್ತಿ ತಿರುಗಿಸೋಕೆ ಹೋಗಬೇಡಿ, ತೊಡೆ ಎಷ್ಟು ತೆರೆಯುತ್ತೋ ಅಷ್ಟೇ ಸಾಕು. ಹಳೆಯ ಮಂಡಿನೋವು ಇದ್ದರೆ ಸುಮ್ನೆ ಮುಚ್ಚಿಡದೆ ಗುರುಗಳಿಗೆ ಮೊದಲೇ ಹೇಳಿಬಿಡಿ.